ನಿಂಬಾಳದಿಂದ ಖೇತವಾಡಿಯವರೆಗೆ

ರಾಜ್ಯೋತ್ಸವದ ಸಂಚಿಕೆಯಲ್ಲಿ ಇತಿಹಾಸದ ಲೇಖನವೆಂದೊಡನೆ ಪುಲಿಕೇಶಿಯೋ ಕೃಷ್ಣದೇವರಾಯನೋ ಬರಬೇಕೆಂದು ವಾಚಕರು ಎದುರು ನೋಡುವುದು ಸಹಜ. ಅವರ ಕಥೆಯನ್ನು ನಾವು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆದರೆ ಈ ಲೇಖನದಲ್ಲಿ ರಾಜರಿಲ್ಲ, ಕೋಟೆ ಕೊತ್ತಲಗಳಿಲ್ಲ. ಮನಸ್ಸಿನ ನೆಮ್ಮದಿಯನ್ನೂ ತಮ್ಮ ನಿಜವನ್ನೂ ಹುಡುಕಿಕೊಂಡು ಕೆಲವು ಜನ ಸಂಸಾರಿಗಳು ಭೀಮಾತೀರದ ಎರೆಹೊಲಗಳ ನಡುವೆ ಹೋಗಿ ಕುಳಿತರು. ಕುಳಿತಿದ್ದು ಎದ್ದು ಮತ್ತೆ ತಮ್ಮ ತಮ್ಮ ಉದ್ಯೋಗಗಳಿಗೆ ಬಂದರು. ಅವರ ಉಪದೇಶದ ಒಂದು ಕವಲು ಮುಂಬಯಿಯ ಖೇತವಾಡಿಯಲ್ಲಿ ಒಂದು ಅಟ್ಟದ ಮೇಲೆ ನೆಲೆಯೂರಿತು. ಇಷ್ಟೇ ಇದರ ವಿಷಯ. ಹೊರನಾಡಿನಲ್ಲಿ ದುಡಿಯಲು ಬಂದ ನಮಗೆ ಇದು ಬೇರೆಯವರ ಮನೆಯ ಕಥೆಯಲ್ಲವೆಂದು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಏಕಾಂತವಾಸ ನಮ್ಮ ನಾಡಿಗೆ ಹೊಸದೇನಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದ ಸುಮಾರಿನಿಂದ ಕೊರೆದಿರುವ ಶಾಸನಗಳಲ್ಲಿ ಬಹಳಷ್ಟು, ಅಲ್ಲಿಗೆ ಬಂದು ವ್ರತ ಹಿಡಿದು ದೇಹ ಬಿಟ್ಟವರ ನೆನಪಿನವು. ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದುಹೋದ ಅಕ್ಕಮಹಾದೇವಿ ಹಿಂತಿರುಗಿ ಬರಲಿಲ್ಲ. ಹೋದವರು ಮರಳದೆ ಇರುವುದೇ ಆ ಏಕಾಂತದ ಲಕ್ಷಣ. ಅದು ದೊಡ್ಡದು, ಕೈಮುಗಿಯತಕ್ಕದ್ದು. ಆದರೆ ಗಿರಣಿ, ಕಚೇರಿ, ಬಾಡಿಗೆಮನೆ, ಮಕ್ಕಳ ಶಾಲೆ, ಊರಲ್ಲಿರುವ ತಾಯಿತಂದೆಗಳಿಗೆ ಕಳಿಸಬೇಕಾದ ಹಣ, ಇಷ್ಟರ ನಡುವೆ ಇರುವ ಮನುಷ್ಯನು ಕದಳಿಗೆ ಹೋಗುವುದು ಹೇಗೆ? ಹೋದರೂ ಮನೆಯವರನ್ನು ನೋಡುವವರಾರು? ಈ ಪ್ರಶ್ನೆಗೆ ನಮ್ಮ ಬಡಗಣ ಗಡಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಉತ್ತರ ಹುಟ್ಟಿತು.

ಮುಂಬಯಿ, ಪುಣೆಗಳ ಕಡೆಯಿಂದ ಊರಿಗೆ ಹೋಗುವ ನಮ್ಮವರಿಗೆ ಆ ದಾರಿ ಗೊತ್ತೇ ಇದೆ. ಸೊಲ್ಲಾಪುರ ಬಿಟ್ಟು ಹೊಟಗಿಯಲ್ಲಿ ರೈಲು ಮದರಾಸಿನ ದಾರಿಯಿಂದ ತೆಂಕಣಕ್ಕೆ ಹೊರಳುತ್ತದೆ. ಹಿಂದೆ ಇಲ್ಲಿಂದ ಗದಗಿನವರೆಗೆ ಮೀಟರ್ ಗೇಜಿನ ಸಣ್ಣ ಗಾಡಿ ಓಡುತ್ತಿತ್ತು. ಭೀಮಾ ನದಿ ದಾಟಿ, ಇಂಡಿ ರೋಡ್ ಸ್ಟೇಷನ್ ಕಳೆದು, ವಿಜಾಪುರ (ಸರಕಾರಿ ಹೆಸರಿನಲ್ಲಿ ೨೦೧೪ರಿಂದ ವಿಜಯಪುರ) ಬರುವುದಕ್ಕೆ ಮುಂಚೆ ನಿಂಬಾಳ ಎಂಬ ಸಣ್ಣ ಸ್ಟೇಷನ್ ಸಿಗುತ್ತದೆ. ಸುತ್ತಲೂ ಬಿಳಿಜೋಳದ ಎರೆಹೊಲ, ಬೇವಿನ ಗಿಡಗಳು. ನೋಡುವುದಕ್ಕೆ ವಿಶೇಷವೇನೂ ಇಲ್ಲ. ಈ ಸೀಮೆಯಲ್ಲಿಯೇ ನಿಂಬರಗಿ, ಇಂಚಗೇರಿ, ಜಿಗಜೇವಣಿ ಎಂಬ ಹಳ್ಳಿಗಳಿವೆ. ಗಡಿಯಾಚೆ ಜತ್ತ ತಾಲ್ಲೂಕಿನಲ್ಲಿ ಉಮದಿ ಇದೆ. ೧೯೫೬ರಲ್ಲಿ ಭಾಷಾವಾರು ಪ್ರಾಂತಗಳಾದಾಗ ನಿಂಬಾಳ, ಇಂಚಗೇರಿಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು, ಉಮದಿ ಆ ಕಡೆಗೆ ಉಳಿಯಿತು. ಜನರ ಮಾತು ಮಾತ್ರ ಎರಡೂ ಕಡೆ ಕನ್ನಡವೇ, ಜೊತೆಗೆ ಮರಾಠಿಯೂ.

ಈ ಪರಂಪರೆಯ ಮೊದಲಿಗರು ನಿಂಬರಗಿಯ ಮಹಾರಾಜರು. ಲಿಂಗಾಯತರು, ಬಟ್ಟೆಗೆ ಬಣ್ಣ ಹಾಕುವ ಕುಲದವರು. ಕೊಲ್ಲಾಪುರದ ಹತ್ತಿರದ ಸಿದ್ಧಗಿರಿಯಲ್ಲಿ, ಕಾಡಸಿದ್ಧರ ಪರಂಪರೆಯಿಂದ, ಇವರಿಗೆ ಉಪದೇಶವಾಯಿತೆಂದು ಹೇಳುತ್ತಾರೆ. ಉಪದೇಶ ಪಡೆದ ಮೇಲೆ ಇವರು ಕಾವಿ ಉಡಲಿಲ್ಲ, ಮನೆ ಬಿಡಲಿಲ್ಲ. ಹೆಂಡತಿ ಮಕ್ಕಳೊಡನೆ ಇದ್ದುಕೊಂಡು, ಹೊಟ್ಟೆಪಾಡಿನ ಕಸುಬು ಮಾಡಿಕೊಂಡು, ಬಹುಕಾಲ ಯಾರಿಗೂ ತಿಳಿಯದಂತೆ ನಾಮಸ್ಮರಣೆ ಮಾಡಿದರು. ತೊಂಬತ್ತು ದಾಟಿದ ಮುಪ್ಪಿನಲ್ಲಿ, ೧೮೮೫ರಲ್ಲಿ, ತೀರಿಕೊಂಡರು. ಅವರ ಮಾತುಗಳನ್ನು ಶಿಷ್ಯರು ಕನ್ನಡದಲ್ಲಿ ‘ಬೋಧಸುಧೆ’ ಎಂಬ ಹೆಸರಿನಿಂದ ಕೂಡಿಸಿದ್ದಾರೆ.

ಇವರ ಶಿಷ್ಯರೇ ಉಮದಿಯ ಭಾವೂಸಾಹೇಬ ಮಹಾರಾಜರು (೧೮೪೩–೧೯೧೪). ಇವರು ದೇಶಪಾಂಡೆ ಮನೆತನದ ಬ್ರಾಹ್ಮಣರು. ಬಣ್ಣಗಾರ ಲಿಂಗಾಯತ ಗುರುವಿನ ಕಾಲಿಗೆ ದೇಶಪಾಂಡೆಯವರ ಮಗನು ಎರಗಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅದನ್ನು ಈ ಪರಂಪರೆಯವರು ದೊಡ್ಡ ಕ್ರಾಂತಿಯೆಂದು ಸಾರಿಕೊಳ್ಳಲೂ ಇಲ್ಲ. ಬೇಕಾದುದು ಎಲ್ಲಿ ಸಿಕ್ಕಿತೋ ಅಲ್ಲಿಗೆ ಹೋದರು, ಅಷ್ಟೆ. ಇಂಚಗೇರಿಯಲ್ಲಿ ಮಠ ಕಟ್ಟಿ ಸಾಧನೆಗೆ ಒಂದು ಕ್ರಮವನ್ನು ಹಾಕಿಕೊಟ್ಟವರು ಭಾವೂಸಾಹೇಬರೇ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಧ್ಯಾನ, ಭಜನೆ. ಸಮರ್ಥ ರಾಮದಾಸರ ‘ದಾಸಬೋಧ’ದ ಪಾರಾಯಣ. ಗ್ರಂಥ ಮರಾಠಿ, ಭಜನೆಯ ಪದಗಳು ಎರಡೂ ಭಾಷೆಯವು. ನಿದ್ದೆಗೆ ಎಡೆಕೊಡಬಾರದೆಂದು ಅವರು ರಾತ್ರಿಯೆಲ್ಲ ನಿಂತುಕೊಂಡೇ ನಾಮಸ್ಮರಣೆ ಮಾಡುತ್ತಿದ್ದರೆಂಬ ಮಾತು ಸಂಪ್ರದಾಯದಲ್ಲಿ ಉಳಿದಿದೆ. ಇಂಥ ದೃಢ ಸಾಧನೆಯಿದ್ದರೂ ಬಂದ ಶಿಷ್ಯರಿಗೆ ಅವರು ‘ಮನೆ ಬಿಡು’ ಎಂದು ಹೇಳಲಿಲ್ಲ. ಕೆಲವು ದಿನ ಮಠದಲ್ಲಿದ್ದು, ಕ್ರಮವನ್ನು ರೂಢಿಸಿಕೊಂಡು, ಹೊಲಕ್ಕೋ ಅಂಗಡಿಗೋ ಕಚೇರಿಗೋ ಮರಳಬೇಕು. ಅಲ್ಲಿದ್ದುಕೊಂಡೇ ಕ್ರಮ ತಪ್ಪದಂತೆ ನೋಡಿಕೊಳ್ಳಬೇಕು.

ಹೀಗೆ ಮರಳಿದವರಲ್ಲಿ ಎಲ್ಲರಿಗಿಂತ ಹೆಸರಾದವರು ಪ್ರೊಫೆಸರ ರಾಮಚಂದ್ರ ದತ್ತಾತ್ರೇಯ ರಾನಡೆಯವರು. ಶಿಷ್ಯರು ಇವರನ್ನು ಗುರುದೇವ ರಾನಡೆ ಎಂದು ಕರೆದರು. ಹುಟ್ಟಿದ್ದು ೧೮೮೬ರಲ್ಲಿ, ಜಮಖಂಡಿಯಲ್ಲಿ. ಮನೆಮಾತು ಮರಾಠಿ, ಊರ ಮಾತು ಕನ್ನಡ. ಜಮಖಂಡಿಯ ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ, ೧೯೦೧ರಲ್ಲಿ, ಭಾವೂಸಾಹೇಬರಿಂದ ನಾಮೋಪದೇಶವಾಯಿತು. ಹುಡುಗನಾಗಿದ್ದ ರಾನಡೆಯವರು ಆಗ ಅದನ್ನು ಅಷ್ಟೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ ಪದವೀಧರರಾದ ಮೇಲೆ ಬಂದ ಕಠಿಣವಾದ ಕಾಯಿಲೆ ಅವರನ್ನು ಮತ್ತೆ ಆ ನಾಮದ ಕಡೆಗೆ ತಿರುಗಿಸಿತು. ದೇಹ ಕೈಕೊಟ್ಟಾಗ ಪುಸ್ತಕದ ವಿದ್ಯೆ ಎಷ್ಟು ದೂರ ಜೊತೆಗೆ ಬರುತ್ತದೆಂಬುದನ್ನು ಇಪ್ಪತ್ತರ ಹರೆಯದಲ್ಲಿಯೇ ಅವರು ನೋಡಿದರು.

ಆದರೆ ಪುಸ್ತಕವನ್ನು ಅವರು ಬಿಟ್ಟುಕೊಡಲಿಲ್ಲ ಎಂಬುದೇ ಇಲ್ಲಿ ಮುಖ್ಯ. ೧೯೧೪ರಲ್ಲಿ ಎಂ.ಎ. ಆಗಿ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸತೊಡಗಿದರು. ಪ್ಲೇಟೋ, ಅರಿಸ್ಟಾಟಲರನ್ನು ಮೂಲದಿಂದ ತಿಳಿಯಬೇಕೆಂದು ಗ್ರೀಕ್ ಭಾಷೆಯನ್ನು ಕಲಿತರು. ಭಾವೂಸಾಹೇಬರು ಅದೇ ವರ್ಷ ತೀರಿಕೊಂಡಿದ್ದರು. ಮುಂದೆ ರಾನಡೆಯವರು ಜಿಗಜೇವಣಿಯ ಅಂಬೂರಾವ ಮಹಾರಾಜರನ್ನು, ತಮ್ಮ ಹಿರಿಯ ಗುರುಬಂಧುಗಳನ್ನು, ಗುರುವಿನಂತೆಯೇ ಕಂಡರು. ಅಂಬೂರಾವರಿಗೆ ಇಂಗ್ಲಿಷಾಗಲಿ ಗ್ರೀಕಾಗಲಿ ಬಾರದು. ಕಾಲೇಜಿನ ಪ್ರೊಫೆಸರರು ಹಳ್ಳಿಯ ಆ ಹಿರಿಯರ ಮುಂದೆ ಶಿಷ್ಯರಾಗಿ ಕುಳಿತರು. ೧೯೨೦ರ ದಶಕದ ನಡುವೆ ಪುಣೆಯ ಉದ್ಯೋಗ ಬಿಟ್ಟು ರಾನಡೆಯವರು ನಿಂಬಾಳದಲ್ಲಿ, ಸ್ಟೇಷನ್ನಿಗೆ ಹತ್ತಿರದಲ್ಲಿಯೇ, ಮನೆ ಮಾಡಿ ನಿಂತರು. ಅದೇ ನಿಂಬಾಳದ ಆಶ್ರಮ. ಆ ವರ್ಷಗಳಲ್ಲಿಯೇ ಉಪನಿಷತ್ತುಗಳ ಮೇಲಿನ ಅವರ ಪ್ರಸಿದ್ಧ ಇಂಗ್ಲಿಷ್ ಗ್ರಂಥ ಹೊರಬಂತು (೧೯೨೬). ಅಷ್ಟರಲ್ಲಿ ಉತ್ತರದಿಂದ ಕರೆ ಬಂತು. ಅಲಾಹಾಬಾದ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಮಹಾಮಹೋಪಾಧ್ಯಾಯ ಗಂಗಾನಾಥ ಝಾ ಅವರು ತತ್ತ್ವಶಾಸ್ತ್ರ ವಿಭಾಗಕ್ಕೆ ಆಹ್ವಾನಿಸಿದರು. ರಾನಡೆಯವರು ಹೋದರು. ಸುಮಾರು ಇಪ್ಪತ್ತು ವರ್ಷ ಅಲ್ಲಿ ಪ್ರಾಧ್ಯಾಪಕರಾಗಿ, ಕೆಲಕಾಲ ಕುಲಪತಿಗಳಾಗಿಯೂ, ದುಡಿದರು.

ಈ ಇಪ್ಪತ್ತು ವರ್ಷದ ಬಾಳುವೆಯನ್ನು ಹೊರನಾಡ ಕನ್ನಡಿಗರು ಚೆನ್ನಾಗಿ ಅರಿತುಕೊಳ್ಳಬಲ್ಲರು. ಉದ್ಯೋಗ ಗಂಗಾತೀರದಲ್ಲಿ, ಮನಸ್ಸು ಭೀಮಾತೀರದಲ್ಲಿ. ರಜೆ ಬಂದೊಡನೆ ಗಂಟುಮೂಟೆ ಕಟ್ಟಿ ರೈಲು ಹತ್ತುವುದು, ಗಾಡಿ ಬದಲಿಸುತ್ತ ಬದಲಿಸುತ್ತ ಕಡೆಗೆ ಹೊಟಗಿಯಲ್ಲಿ ಸಣ್ಣ ಗಾಡಿಗೆ ಏರುವುದು, ನಿಂಬಾಳದಲ್ಲಿ ಇಳಿಯುವುದು. ನಾವು ಬೇಸಿಗೆಯಲ್ಲಿ ಊರಿಗೆ ಹೋದಂತೆಯೇ ಇದು. ನಾವು ಹೋಗಿ ಮಾವಿನಹಣ್ಣು ತಿಂದು, ಮದುವೆ ಮುಂಜಿ ಮುಗಿಸಿಕೊಂಡು ಬರುತ್ತೇವೆ. ಅವರು ಹೋಗಿ ಕೋಣೆಯಲ್ಲಿ ಕುಳಿತುಕೊಳ್ಳುತ್ತಿದ್ದರು. (ಮಾವಿನಹಣ್ಣನ್ನು ನಾನು ಹೀಗಳೆಯುತ್ತಿಲ್ಲ.) ಅವರು ಬಂದ ಸುದ್ದಿ ಹಬ್ಬಿದೊಡನೆ ಒಕ್ಕಲಿಗರು, ಶಾಲಾಮಾಸ್ತರರು, ವಕೀಲರು, ಕಾಲೇಜಿನವರು ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು. ಅಲ್ಲಿ ಭಾಷಣದ ಸಡಗರವಿರಲಿಲ್ಲ. ಭಜನೆ, ಗ್ರಂಥದ ಓದು, ನಡುವೆ ಒಂದೆರಡು ಮಾತು, ಉಳಿದ ಹೊತ್ತೆಲ್ಲ ಅವರವರ ನಾಮಸ್ಮರಣೆ. ಇಂದು ‘ರಿಟ್ರೀಟ್’ ಎಂಬ ಹೆಸರಿನಲ್ಲಿ ಬೆಟ್ಟದ ಮೇಲೆ, ಕಡಲ ದಂಡೆಯಲ್ಲಿ ಮೂರು ದಿನ, ಹತ್ತು ದಿನಗಳ ಶಿಬಿರಗಳು ನಡೆಯುತ್ತವೆ. ಕೆಲವಕ್ಕೆ ಕೊಡುವ ಹಣದಲ್ಲಿ ಒಂದು ಸಂಸಾರ ತಿಂಗಳು ಬದುಕಬಹುದು. ಅಲ್ಲಿ ಪ್ರಯೋಜನವಿಲ್ಲವೆಂದು ಹೇಳಲಾರೆ. ಎರೆಮಣ್ಣಿನ ನಿಂಬಾಳದಲ್ಲಿ ಆ ಬಗೆಯ ಸೊಬಗು ಯಾವುದೂ ಇರಲಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು.

ಕುಳಿತು ಅವರು ಪಡೆದುದೇನು? ಒಳಗಿನ ಅನುಭವವನ್ನು ಅಳೆಯುವ ಗಜಕೋಲು ನಮ್ಮಲ್ಲಿಲ್ಲ. ಆದರೆ ತತ್ತ್ವಶಾಸ್ತ್ರಜ್ಞರಾಗಿ ಅವರು ಬರೆದುದನ್ನು ನೋಡಬಹುದು. ೧೯೩೩ರಲ್ಲಿ ಪ್ರಕಟವಾದ ಮಹಾರಾಷ್ಟ್ರದ ಅನುಭಾವಿಗಳ ಕುರಿತ ಗ್ರಂಥದ ಆರಂಭದಲ್ಲಿಯೇ ಅವರು ಒಂದು ಮಾತನ್ನು ಬಿಡಿಸಿ ಹೇಳುತ್ತಾರೆ: ಅನುಭಾವವೆಂಬುದು ಬುದ್ಧಿಗೆ ವಿರೋಧಿಯಲ್ಲ, ಬುದ್ಧಿ, ಭಾವ, ಸಂಕಲ್ಪ ಈ ಮೂರರ ಹಿಂದೆಯೂ ನಿಂತು ಅವುಗಳನ್ನು ತುಂಬುವಂಥದು. ಧ್ಯಾನಕ್ಕೆ ಕುಳಿತರೆ ಬುದ್ಧಿಯನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟುಬರಬೇಕೆಂದು ಅವರು ಒಪ್ಪಲಿಲ್ಲ. ಅಂತೆಯೇ ಕೊನೆಯ ವರ್ಷಗಳಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಪರವಾಗಿ, ಕನ್ನಡದ ಸಂತರನ್ನು ಕುರಿತು ಅವರು ಉಪನ್ಯಾಸ ಮಾಡಿದಾಗ ಶರಣರನ್ನೂ ದಾಸರನ್ನೂ ನಿಜಗುಣರಂಥ ಶಿವಯೋಗಿಗಳನ್ನೂ ಪಂಥದ ಪ್ರಕಾರ ಬೇರೆ ಬೇರೆ ಕೂಡಿಸಲಿಲ್ಲ. ಮನುಷ್ಯನನ್ನು ದೇವರ ಕಡೆಗೆ ನೂಕುವ ಕಾರಣಗಳು, ನಡತೆಯ ಸಿದ್ಧತೆ, ದೇವರಿಗೂ ಸಂತರಿಗೂ ಇರುವ ಸಂಬಂಧ, ಯಾತ್ರೆಯ ಆರಂಭ, ಕೊನೆಯ ಏರು ಎಂದು ಐದು ಮೆಟ್ಟಿಲು ಮಾಡಿ, ಒಂದೊಂದು ಮೆಟ್ಟಿಲ ಮೇಲೆ ಎಲ್ಲ ಪಂಥದವರನ್ನೂ ಒಟ್ಟಿಗೆ ನಿಲ್ಲಿಸಿದರು. ದುಃಖವೂ ಒಂದು ಕಾರಣವೆಂದು ಮೊದಲ ಮೆಟ್ಟಿಲಲ್ಲಿಯೇ ಹೇಳಿದವರು, ತಮ್ಮ ಪ್ರಾಯದ ಕಾಯಿಲೆಯನ್ನು ನೆನೆಯದೆ ಇದ್ದಿರಲಾರರು. ೧೯೫೭ರ ಜೂನ್ ೬ರಂದು ನಿಂಬಾಳದಲ್ಲಿ ಅವರು ತೀರಿಕೊಂಡರು. ಆ ಉಪನ್ಯಾಸಗಳು ಇಂಗ್ಲಿಷಿನಲ್ಲಿ ಪುಸ್ತಕವಾಗಿ ೧೯೬೦ರಲ್ಲಿ ಬಂದವು. ಕನ್ನಡ ಸಂತರ ಮೇಲೆ ಇಷ್ಟು ತೂಕದ ಕೃತಿಯನ್ನು ಬರೆದವರು ಮನೆಯಲ್ಲಿ ಮರಾಠಿ ಆಡುತ್ತಿದ್ದವರು ಎಂಬುದನ್ನು ಗಡಿಯ ಜಗಳ ಮಾಡುವ ಎರಡೂ ಕಡೆಯವರು ಅಷ್ಟಾಗಿ ಹೇಳುವುದಿಲ್ಲ.

ಇಂಚಗೇರಿಯ ಮಠದ ಇನ್ನೊಂದು ಕವಲು ಗಿರಿಮಲ್ಲೇಶ್ವರ ಮಹಾರಾಜರಿಂದ ಮಾಧವಾನಂದ ಪ್ರಭುಗಳಿಗೆ ಬಂದು, ಸ್ವಾತಂತ್ರ್ಯದ ಹೋರಾಟಕ್ಕೂ ಅಂತರ್ಜಾತೀಯ ವಿವಾಹಗಳಿಗೂ ಹೆಸರಾಯಿತು. ಧ್ಯಾನಕ್ಕೆ ಕುಳಿತವರು ಲೋಕಕ್ಕೆ ಬೆನ್ನು ತಿರುಗಿಸಿದವರೆಂದು ಹಳಿಯುವವರಿಗೆ ಅದೊಂದು ಉತ್ತರ. ಅದನ್ನು ಬೇರೆಯಾಗಿಯೇ ಬರೆಯಬೇಕು. ನಮ್ಮ ದಾರಿ ಈಗ ಮುಂಬಯಿಯ ಕಡೆಗೆ.

ಸೊಲ್ಲಾಪುರ ಸೀಮೆಯ ಪಾಥರಿಯಲ್ಲಿ ೧೮೮೮ರಲ್ಲಿ ಹುಟ್ಟಿದ ಸಿದ್ಧರಾಮೇಶ್ವರ ಮಹಾರಾಜರು ವಿಜಾಪುರದಲ್ಲಿ ಒಬ್ಬ ಮಾರವಾಡಿ ವ್ಯಾಪಾರಸ್ಥರ ಪೇಢಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸೊಲ್ಲಾಪುರದ ವಚನಕಾರ ಸಿದ್ಧರಾಮನ ಹೆಸರನ್ನೇ ಇಟ್ಟುಕೊಂಡ ಇವರು ೧೯೦೬ರಲ್ಲಿ ಭಾವೂಸಾಹೇಬರ ಶಿಷ್ಯರಾದರು. ಗುರುಗಳು ತೀರಿದ ಮೇಲೆ ಇವರಿಗೆ ಒಂದು ತೊಡಕು ಕಾಣಿಸಿತು. ಮೂರು ಹೊತ್ತು ಧ್ಯಾನ ಸರಿ, ಅದರಾಚೆಗೆ ಏನು? ಧ್ಯಾನ ಮಾಡುವವನು ಯಾರು? ಗುರುಗಳು ಹಾಕಿಕೊಟ್ಟ ಕ್ರಮದಾಚೆಗೆ ಹೋಗುವ ಈ ಯೋಚನೆ ಗುರುಬಂಧುಗಳಿಗೆ ಒಪ್ಪಿಗೆಯಾಗಲಿಲ್ಲ. ೧೯೨೦ರ ಸುಮಾರಿಗೆ ಸಿದ್ಧರಾಮೇಶ್ವರರು ವಿಜಾಪುರದಲ್ಲಿ ಒಂಬತ್ತು ತಿಂಗಳು ತೀವ್ರವಾದ ಏಕಾಂತ ಸಾಧನೆಯಲ್ಲಿ ಕುಳಿತರು. ಎದ್ದು ಬಂದವರು ಹೇಳಿದ್ದು ವಿಹಂಗಮ ಮಾರ್ಗ.

ಈ ಮಾತು ನಮ್ಮ ಶಾಸ್ತ್ರಗಳಲ್ಲಿ ಹಳೆಯದು. ಮರದ ತುದಿಯ ಹಣ್ಣಿಗೆ ಇರುವೆ ಬೊಡ್ಡೆಯಿಂದ ಹತ್ತುತ್ತ, ಕೊಂಬೆ ತಪ್ಪಿ ಇಳಿಯುತ್ತ, ಮತ್ತೆ ಹತ್ತುತ್ತ ಹೋಗಿ ಮುಟ್ಟುತ್ತದೆ. ಅದು ಪಿಪೀಲಿಕಾ ಮಾರ್ಗ, ನಾಮ ಮತ್ತು ಧ್ಯಾನದ ದಾರಿ. ಹಕ್ಕಿ ನೇರವಾಗಿ ಹಾರಿ ಹಣ್ಣಿನ ಮೇಲೆ ಕುಳಿತುಕೊಳ್ಳುತ್ತದೆ. ಅದು ವಿಹಂಗಮ ಮಾರ್ಗ, ವಿಚಾರದ ದಾರಿ. ಲೆಕ್ಕ ಬರೆದು ಬಲ್ಲ ಸಿದ್ಧರಾಮೇಶ್ವರರು ‘ನಾನು’ ಎಂಬ ಖಾತೆಯನ್ನೇ ತಪಾಸಣೆಗೆ ತೆಗೆದುಕೊಂಡರು. ಕಣ್ಣಿಗೆ ಕಾಣುವ ಸ್ಥೂಲದೇಹ ನಾನೇ? ‘ನನ್ನ ಕೈ, ನನ್ನ ಕಾಲು’ ಎನ್ನುತ್ತೇವೆ, ನನ್ನದು ನಾನಾಗಲಾರದು. ಮನಸ್ಸು ಬುದ್ಧಿಗಳ ಸೂಕ್ಷ್ಮದೇಹ ನಾನೇ? ‘ನನ್ನ ಮನಸ್ಸು ಸರಿಯಿಲ್ಲ’ ಎನ್ನುವಾಗ ಅದೂ ನನ್ನಿಂದ ಬೇರೆಯಾಯಿತು. ಅವೆರಡನ್ನೂ ತೆಗೆದಿಟ್ಟರೆ ಏನೂ ತೋರದ ಮರೆವು, ಅದು ಕಾರಣದೇಹ. ಬಹಳ ಜನ ಇಲ್ಲಿ ಹೆದರಿ ಹಿಂತಿರುಗುತ್ತಾರೆ. ಆ ಮರೆವನ್ನೂ ಅರಿಯುವ ಅರಿವೊಂದು ಉಳಿಯುತ್ತದಲ್ಲ, ಅದು ಮಹಾಕಾರಣ. ಅದರಲ್ಲಿಯೂ ‘ನಾನು ಅರಿತೆ’ ಎಂಬುದು ಅಂಟಿಕೊಂಡಿದ್ದರೆ ಅದನ್ನೂ ಬಿಡಬೇಕು. ಮರಾಠಿಯಲ್ಲಿ ಅವರ ಉಪದೇಶವನ್ನು ‘ಗುರುಕಿಲ್ಲಿ’ ಎಂಬ ಹೆಸರಿನಿಂದ ಕರೆದಿದ್ದಾರೆ. ಎಲ್ಲ ಬೀಗಗಳಿಗೂ ಒಂದೇ ಕೀಲಿಕೈ ಎಂದರ್ಥ.

ಹಕ್ಕಿಯ ದಾರಿಯೆಂದರೆ ಸುಲಭದ ದಾರಿಯೆಂದು ತಿಳಿಯುವವರು ಬಹಳ. ಹಾರಬಹುದೆಂದು ಹೇಳಿದವರು ಮೊದಲು ಎಷ್ಟೋ ವರ್ಷ ಇರುವೆಯಂತೆ ಹತ್ತಿದ್ದರು, ಮೇಲೆ ಒಂಬತ್ತು ತಿಂಗಳು ಕದಲದೆ ಕುಳಿತಿದ್ದರು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಂಬಾಳದವರು ಕಡೆಯವರೆಗೂ ನಾಮವನ್ನು ಬಿಡಲಿಲ್ಲ. ಎರಡರಲ್ಲಿ ಯಾವುದು ಮೇಲೆಂದು ತೀರ್ಪು ಕೊಡುವ ಅರ್ಹತೆ ಈ ಲೇಖಕನಿಗಿಲ್ಲ. ನನ್ನಂಥ ಚಂಚಲ ಬುದ್ಧಿಯವರಿಗೆ ಇರುವೆಯೇ ಮೇಲೆಂದು ಮಾತ್ರ ತೋರುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಈ ಪರಂಪರೆಗೆ ಮೂಲವಾದ ಸಿದ್ಧಗಿರಿಯ ಮಠದ ಪೀಠದಲ್ಲಿದ್ದ ಕಾಡಸಿದ್ಧೇಶ್ವರ ಸ್ವಾಮಿಗಳು ೧೯೩೫ರಲ್ಲಿ ಸಿದ್ಧರಾಮೇಶ್ವರರಿಂದ ಉಪದೇಶ ಪಡೆದರು. ಹೊರಟ ನೀರು ನೂರಾರು ವರ್ಷ ಸುತ್ತಿ ಹೊರಟಲ್ಲಿಗೇ ಬಂತು.

ಸಿದ್ಧರಾಮೇಶ್ವರರು ಮುಂಬಯಿಗೆ ಬಂದಾಗ ೧೯೩೩ರಲ್ಲಿ ಅವರ ಬಳಿಗೆ ಒಬ್ಬ ಬೀಡಿ ವ್ಯಾಪಾರಿಯನ್ನು ಗೆಳೆಯರು ಕರೆದುಕೊಂಡು ಹೋದರು. ಹೆಸರು ಮಾರುತಿ ಶಿವರಾಮಪಂತ ಕಾಂಬಳಿ, ಹುಟ್ಟಿದ್ದು ೧೮೯೭ರಲ್ಲಿ. ಕೊಂಕಣದ ಕಾಂದಳಗಾಂವದಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು, ಗುಮಾಸ್ತಿಕೆ ಮಾಡಿ, ಆಮೇಲೆ ಬೀಡಿ ಅಂಗಡಿ ಇಟ್ಟು, ಒಂದನ್ನು ಕೆಲವಾಗಿ ಬೆಳೆಸಿದವರು. ‘ನಾನು ಇದ್ದೇನೆ’ ಎಂಬ ಬರಿಯ ಇರವಿನ ಮೇಲೆ ಮನಸ್ಸನ್ನು ನಿಲ್ಲಿಸು, ಬೇರೆಲ್ಲಿಗೂ ಬಿಡಬೇಡ ಎಂಬುದು ಗುರುಗಳು ಕೊಟ್ಟ ಸಾಧನೆ. ಗಿರಾಕಿಗೆ ಬೀಡಿ ಕೊಟ್ಟು ಚಿಲ್ಲರೆ ಎಣಿಸಿಕೊಡುತ್ತ ಇವರು ಅದನ್ನು ನಡೆಸಿದರು. ಸಿದ್ಧರಾಮೇಶ್ವರರು ೧೯೩೬ರ ನವೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಈ ವ್ಯಾಪಾರಿ ಮನೆ, ಅಂಗಡಿ ಎಲ್ಲವನ್ನೂ ಬಿಟ್ಟು ಹೊರಟುಬಿಟ್ಟರು. ಬರಿಗಾಲಲ್ಲಿ ದೇಶ ಸುತ್ತಿ ಹಿಮಾಲಯಕ್ಕೆ ಹೋಗಿ ಅಲ್ಲಿಯೇ ಉಳಿಯುವ ಮನಸ್ಸು. ದಾರಿಯಲ್ಲಿ ಒಬ್ಬ ಗುರುಬಂಧುವಿನೊಡನೆ ನಡೆದ ಮಾತಿನಿಂದ, ವೈರಾಗ್ಯಕ್ಕೆ ಹಿಮಾಲಯವೇ ಬೇಕೆಂದಿಲ್ಲವೆಂದು ಮನಗಂಡು ೧೯೩೮ರಲ್ಲಿ ಹಿಂದಿರುಗಿದರು. ಅಷ್ಟರಲ್ಲಿ ಅಂಗಡಿಗಳಲ್ಲಿ ಹೆಚ್ಚಿನವು ಕೈಬಿಟ್ಟಿದ್ದವು. ಉಳಿದುದರಲ್ಲಿ ಸಂಸಾರ ಸಾಗಿಸಿದರು. ಖೇತವಾಡಿಯ ಮನೆಯಲ್ಲಿ, ಏಣಿಯಂಥ ಮೆಟ್ಟಿಲು ಹತ್ತಿ ಹೋಗುವ ಒಂದು ಸಣ್ಣ ಅಟ್ಟ. ಅದೇ ಅವರ ಹಿಮಾಲಯವಾಯಿತು. ಮುಂಬಯಿಯ ಮನೆಗಳನ್ನು ಬಲ್ಲವರಿಗೆ ಆ ಅಟ್ಟ ಎಷ್ಟು ದೊಡ್ಡದಿದ್ದೀತೆಂದು ಹೇಳಬೇಕಾಗಿಲ್ಲ. ಕೆಳಗೆ ರಸ್ತೆಯ ಗದ್ದಲ, ಮೇಲೆ ಬೆಳಿಗ್ಗೆ ಸಂಜೆ ಸಂಪ್ರದಾಯದ ಭಜನೆ. ಇವರೇ ನಿಸರ್ಗದತ್ತ ಮಹಾರಾಜರು.

ಇವರ ಮರಾಠಿ ಮಾತುಗಳನ್ನು ಇಂಗ್ಲಿಷಿಗೆ ತಂದು ೧೯೭೩ರಲ್ಲಿ ‘ಐ ಆ್ಯಮ್ ದ್ಯಾಟ್’ ಎಂಬ ಪುಸ್ತಕವಾಗಿ ಲೋಕದ ಮುಂದಿಟ್ಟವರು ಮಾರಿಸ್ ಫ್ರಿಡ್‌ಮನ್. ಪೋಲೆಂಡಿನ ಯಹೂದಿ, ಇಂಜಿನಿಯರು. ಇವರಿಗೂ ನಮ್ಮ ನಾಡಿಗೂ ನಂಟಿದೆ: ೧೯೩೦ರ ದಶಕದಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಬೆಂಗಳೂರಿನ ಸರಕಾರಿ ವಿದ್ಯುತ್ ಸಲಕರಣೆಗಳ ಕಾರ್ಖಾನೆಯನ್ನು ನಡೆಸಲು ಬಂದವರು ಇವರು. ಪುಸ್ತಕ ಬಂದ ಮೇಲೆ ದೂರ ದೂರದ ದೇಶಗಳವರು ವಿಮಾನ ಹತ್ತಿ ಬಂದು ಖೇತವಾಡಿಯ ಆ ಏಣಿ ಹತ್ತಿದರು. ೧೯೮೧ರ ಸೆಪ್ಟೆಂಬರ್ ೮ರಂದು ನಿಸರ್ಗದತ್ತರು ಅದೇ ಮನೆಯಲ್ಲಿ ತೀರಿಕೊಂಡರು. ಅವರಿದ್ದ ಅಷ್ಟು ಕಾಲವೂ ಗಿರಗಾಂವ, ಖೇತವಾಡಿಗಳ ಸುತ್ತಮುತ್ತ ನಮ್ಮ ಜನ ದುಡಿಯುತ್ತಲೇ ಇದ್ದರು. ಇಂಚಗೇರಿಯ ಹೆಸರು ಅಮೇರಿಕದವರ ಬಾಯಲ್ಲಿ ಕೇಳಿಬಂದಾಗ, ಅದು ತಮ್ಮ ಊರಿನ ಪಕ್ಕದ ಹಳ್ಳಿಯೆಂದು ಗುರುತಿಸಿದ ವಿಜಾಪುರದವರು ಎಷ್ಟು ಜನರೋ.

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಖೇತವಾಡಿ ನಡೆದುಹೋಗುವಷ್ಟು ದೂರ. ಸಿದ್ಧರಾಮೇಶ್ವರ ಮಹಾರಾಜರ ಸಮಾಧಿ ವಾಲಕೇಶ್ವರದಲ್ಲಿ ಬಾಣಗಂಗೆಯ ಹತ್ತಿರ ಇದೆ. ಸುತ್ತಲೂ ಎತ್ತರದ ಕಟ್ಟಡಗಳು, ನಡುವೆ ಹಳೆಯ ಕೆರೆ, ಮೆಟ್ಟಿಲುಗಳು. ಬೆಳಗಾವಿಯ ಹಿಂದವಾಡಿಯಲ್ಲಿ ಗುರುದೇವ ರಾನಡೆ ಮಂದಿರವಿದೆ. ನಿಂಬಾಳಕ್ಕೆ ಹೋಗುವವರು ಸೊಲ್ಲಾಪುರದ ದಾರಿ ಹಿಡಿಯಬೇಕು. ಅಲ್ಲಿ ನಿಲ್ಲುವುದು ಕೆಲವೇ ಗಾಡಿಗಳು. ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.